ಗೆರೆಯ ಆಚೆಗಿನ ಶಾಲೆ

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯವನ್ನು ಕುರಿತಿವೆ. ಯಾವ ಮನೆಯ ಮಗು ಯಾವ ಸರ್ಕಾರಿ ಶಾಲೆಗೆ ಸೇರಬೇಕೆಂದು ನಿರ್ಧರಿಸುವ ಗಡಿಯನ್ನು ಬದಲಾಯಿಸುವಾಗ ಊರಿನಲ್ಲಿ ಏಳುವ ವಾದವಿವಾದವೇ ಆ ವಿಷಯ. ಮೂರು ಪತ್ರಗಳು ಅಮೆರಿಕಕ್ಕೆ ಸಂಬಂಧಿಸಿದವು, ಒಂದು ಹಾಸನ ಜಿಲ್ಲೆಯದು. ಪತ್ರ ಬರೆದವರ ಹೆಸರನ್ನೂ ಅವರು ಹೇಳಿದ ಶಾಲೆಗಳ ಹೆಸರನ್ನೂ ಬಿಟ್ಟು, ಪ್ರಶ್ನೆಗಳನ್ನು ಸಂಗ್ರಹಿಸಿ ಕೊಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗ ಸೊಸೆ ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿದ್ದಾರೆ. ಮೂರು ತಿಂಗಳಿಂದ ಫೋನ್ ಮಾಡಿದಾಗಲೆಲ್ಲ ‘ರೀಡಿಸ್ಟ್ರಿಕ್ಟಿಂಗ್’ ಎಂಬ ಒಂದೇ ಮಾತು. ಮೊಮ್ಮಗನ ಶಾಲೆ ಬದಲಾಗಬಹುದಂತೆ. ಅದಕ್ಕೇಕೆ ಜಮೀನು ಕಳೆದುಕೊಂಡವರಂತೆ ಇಷ್ಟು ಸಂಕಟಪಡುತ್ತಾರೆ ಎಂಬುದು ನನಗೆ ತಿಳಿಯುತ್ತಿಲ್ಲ. — ಓದುಗರೊಬ್ಬರು, ಮೈಸೂರು

ಉತ್ತರ: ನೀವು ಜಮೀನಿನ ಹೋಲಿಕೆ ಕೊಟ್ಟದ್ದು ತುಂಬ ಸರಿಯಾಗಿದೆ, ಏಕೆಂದರೆ ಅಲ್ಲಿ ಶಾಲೆಯ ಪ್ರಶ್ನೆ ನಿಜವಾಗಿಯೂ ನೆಲಕ್ಕೆ ಅಂಟಿಕೊಂಡಿದೆ. ಅಮೆರಿಕದಲ್ಲಿ ಸರ್ಕಾರಿ ಶಾಲೆಯ ಪ್ರವೇಶ ಮನೆಯ ವಿಳಾಸದ ಮೇಲೆ ನಿಂತಿರುತ್ತದೆ. ಅಲ್ಲಿ ಎರಡು ಬಗೆಯ ಗಡಿಗಳಿವೆ. ಮೊದಲನೆಯದು ಸ್ಕೂಲ್ ಡಿಸ್ಟ್ರಿಕ್ಟ್‌ನ ಗಡಿ. ಒಂದೇ ಆಡಳಿತದಡಿ ನಡೆಯುವ ಸರ್ಕಾರಿ ಶಾಲೆಗಳ ಇಡೀ ಪ್ರದೇಶಕ್ಕೆ ಈ ಹೆಸರು. ದೇಶದಲ್ಲಿ ಇಂಥ ಸುಮಾರು 13,000 ಡಿಸ್ಟ್ರಿಕ್ಟ್‌ಗಳಿದ್ದು, ಅವುಗಳಲ್ಲಿ ಹೆಚ್ಚಿನವಕ್ಕೆ ಜನರೇ ಚುನಾಯಿಸಿದ ಮಂಡಳಿ ಇರುತ್ತದೆ, ಖರ್ಚಿನ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತದೆ. ಎರಡನೆಯದು ಒಂದು ಡಿಸ್ಟ್ರಿಕ್ಟ್‌ನ ಒಳಗೆ ಒಂದೊಂದು ಶಾಲೆಗೂ ಗೊತ್ತುಮಾಡಿದ ವ್ಯಾಪ್ತಿಯ ಗಡಿ. ನಿಮ್ಮ ಮಗ ಹೇಳುತ್ತಿರುವುದು ಈ ಎರಡನೆಯದನ್ನು. ಒಂದು ಕಡೆ ಹೊಸ ಮನೆಗಳು ಎದ್ದು ಶಾಲೆಯಲ್ಲಿ ಜಾಗ ಸಾಲದೆ ಅಂಗಳದಲ್ಲಿ ತಾತ್ಕಾಲಿಕ ಕೊಠಡಿಗಳನ್ನು ತಂದಿಡಬೇಕಾಗುತ್ತದೆ, ಇನ್ನೊಂದು ಕಡೆ ಬೆಂಚುಗಳು ಖಾಲಿ ಬೀಳುತ್ತವೆ. ಆಗ ಮಂಡಳಿ ನಕ್ಷೆಯನ್ನು ಮತ್ತೆ ಬಿಡಿಸಲು ಕೂರುತ್ತದೆ. ಇದಕ್ಕೇ ರೀಡಿಸ್ಟ್ರಿಕ್ಟಿಂಗ್ ಎನ್ನುವುದು.

ಸಂಕಟಕ್ಕೆ ಕಾರಣ ಮನೆಯ ಬೆಲೆ. ಅರ್ಥಶಾಸ್ತ್ರಜ್ಞೆ ಸಾಂಡ್ರಾ ಬ್ಲ್ಯಾಕ್ 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಇಂಥ ಗಡಿಯ ಎರಡೂ ಬದಿಯ ಮನೆಗಳನ್ನು ಹೋಲಿಸಿ ನೋಡಿತು. ಶಾಲೆಯ ಪರೀಕ್ಷಾ ಅಂಕಗಳು ಶೇಕಡಾ 5ರಷ್ಟು ಹೆಚ್ಚಿದ್ದರೆ ಆ ಬದಿಯ ಮನೆಗೆ ಜನ ಸುಮಾರು ಶೇಕಡಾ 2.5ರಷ್ಟು ಹೆಚ್ಚು ಬೆಲೆ ಕೊಡುತ್ತಿದ್ದರು. ನಿಮ್ಮ ಮಗ ಸೊಸೆ ಸಾಲ ಮಾಡಿ ಮನೆ ಕೊಂಡಾಗ ಶಾಲೆಯ ಬೆಲೆಯೂ ಆ ಸಾಲದೊಳಗೆ ಸೇರಿರುತ್ತದೆ. ಆದ್ದರಿಂದ ಅವರ ಕಳವಳ ಸುಳ್ಳಲ್ಲ. ಅದರಿಂದ ಮುಂದೆ ಯಾವ ಮಾತಿಗೆ ಹೋಗುತ್ತೇವೆ ಎಂಬುದು ಬೇರೆ ಪ್ರಶ್ನೆ, ಅದನ್ನು ಕೆಳಗಿನ ಪತ್ರಗಳು ಕೇಳಿವೆ.

ಪ್ರಶ್ನೆ: 2021ರಲ್ಲಿ ನಾವು ಈ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದು) ಮನೆ ಕೊಂಡದ್ದೇ ಶಾಲೆಗಾಗಿ. ಹೊಸ ನಕ್ಷೆಯ ಪ್ರಕಾರ ನಮ್ಮ ಬೀದಿಯ ಎದುರು ಸಾಲು ಹಳೆಯ ಹೈಸ್ಕೂಲಿಗೇ ಉಳಿಯುತ್ತದೆ, ನಮ್ಮ ಸಾಲು ಮಾತ್ರ ಆಚೆಯ ಶಾಲೆಗೆ ಸೇರುತ್ತದೆ. ಅಲ್ಲಿಯ ಅಂಕಗಳು ಕಡಿಮೆ. ಮಗ ಬರುವ ವರ್ಷ ಒಂಬತ್ತನೇ ತರಗತಿ. ಇದು ಅನ್ಯಾಯವಲ್ಲವೇ? ಕಾನೂನಿನಲ್ಲಿ ದಾರಿ ಇದೆಯೇ? ಇಲ್ಲಿಯ ಕೆಲವು ಕನ್ನಡ ಕುಟುಂಬಗಳು ಸೇರಿ ವಿರೋಧಿಸಬೇಕೆಂದಿದ್ದೇವೆ. — ಓದುಗರೊಬ್ಬರು, ಮೇರಿಲ್ಯಾಂಡ್

ಉತ್ತರ: ಕಾನೂನಿನ ಮಾತನ್ನು ಮೊದಲು ಮುಗಿಸುತ್ತೇನೆ. ಇಂತಿಂಥ ಶಾಲೆಯಲ್ಲೇ ಓದುವ ಹಕ್ಕು ಯಾವ ಮಗುವಿಗೂ ಇಲ್ಲ ಎಂದು ಮೇರಿಲ್ಯಾಂಡಿನ ರಾಜ್ಯ ಶಿಕ್ಷಣ ಮಂಡಳಿ ಹಲವು ಪ್ರಕರಣಗಳಲ್ಲಿ ಹೇಳಿದೆ. ಕೌಂಟಿ ಮಂಡಳಿಯ ತೀರ್ಮಾನದ ಮೇಲೆ 30 ದಿನಗಳೊಳಗೆ ರಾಜ್ಯ ಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ಆದರೆ ಆ ತೀರ್ಮಾನ ಮನಬಂದಂತೆ ಮಾಡಿದ್ದು, ಅಸಮಂಜಸವಾದದ್ದು ಅಥವಾ ಕಾನೂನಿಗೆ ವಿರುದ್ಧವಾದದ್ದು ಎಂದು ನೀವೇ ತೋರಿಸಿಕೊಡಬೇಕು. ನಿಮ್ಮ ಸಾಲಿಗೆ ಇಷ್ಟವಾಗಲಿಲ್ಲ ಎಂಬುದು ಅಲ್ಲಿ ನಿಲ್ಲುವುದಿಲ್ಲ. ಮನೆ ಮಾರುವವರು ಶಾಲೆಯ ಹೆಸರನ್ನು ಜಾಹೀರಾತಿನಲ್ಲಿ ಹಾಕಿದ್ದರೂ ಕೌಂಟಿ ಆ ಮಾತನ್ನು ನಿಮಗೆ ಕೊಟ್ಟಿರಲಿಲ್ಲ.

ನಿಮ್ಮ ಪತ್ರ ಓದಿದಾಗ ನನಗೆ 2019ರ ಶರತ್ಕಾಲ ನೆನಪಾಯಿತು. ಆಗ ನಾನು ಮೇರಿಲ್ಯಾಂಡಿನ ಹಾವರ್ಡ್ ಕೌಂಟಿಯಲ್ಲಿ ಮಗಳ ಮನೆಯಲ್ಲಿದ್ದೆ. ಆ ವರ್ಷ ಆಗಸ್ಟ್‌ನಲ್ಲಿ ಅಲ್ಲಿಯ ಶಾಲಾ ಸೂಪರಿಂಟೆಂಡೆಂಟ್ ಮೈಕೆಲ್ ಮಾರ್ಟಿರಾನೊ ಸುಮಾರು 7,400 ಮಕ್ಕಳ ಶಾಲೆ ಬದಲಾಯಿಸುವ ಪ್ರಸ್ತಾವವನ್ನು ಮುಂದಿಟ್ಟರು. ಪೂರ್ವ ಭಾಗದ ಶಾಲೆಗಳು ತುಂಬಿ ತುಳುಕುತ್ತಿದ್ದವು, ಪಶ್ಚಿಮದಲ್ಲಿ ಜಾಗವಿತ್ತು. ಆದರೆ ಪ್ರಸ್ತಾವದ ಉದ್ದೇಶ ಅಷ್ಟೇ ಆಗಿರಲಿಲ್ಲ, ಬಡ ಕುಟುಂಬಗಳ ಮಕ್ಕಳು ಕೆಲವೇ ಶಾಲೆಗಳಲ್ಲಿ ಒಟ್ಟುಗೂಡಿರುವುದನ್ನು ತಗ್ಗಿಸಬೇಕೆಂಬುದೂ ಅದರಲ್ಲಿತ್ತು. ಮಗಳ ಊಟದ ಮೇಜಿನ ಮೇಲೆ ನಕ್ಷೆಯ ಪ್ರಿಂಟ್ ತಿಂಗಳುಗಟ್ಟಲೆ ಹಾಸಿಯೇ ಇತ್ತು. ಇಡೀ ಕೌಂಟಿಯನ್ನು ಸಣ್ಣ ಸಣ್ಣ ತುಂಡುಗಳಾಗಿ ಮಾಡಿ ಒಂದೊಂದಕ್ಕೂ ಸಂಖ್ಯೆ ಕೊಟ್ಟಿದ್ದರು. ಆ ತುಂಡಿಗೆ ಅವರು ‘ಪಾಲಿಗನ್’ ಎನ್ನುತ್ತಿದ್ದರು, ನೆರೆಯವರು ಭೇಟಿಯಾದಾಗ ಬೀದಿಯ ಹೆಸರು ಬಿಟ್ಟು ಪಾಲಿಗನ್ ಸಂಖ್ಯೆಯಿಂದಲೇ ಒಬ್ಬರನ್ನೊಬ್ಬರು ಗುರುತಿಸುವ ಹಾಗಾಗಿತ್ತು. ಮೊಮ್ಮಗಳು ಸಾಂಬಾರಿನ ಬೆರಳಿನಿಂದ ನಮ್ಮ ಮನೆಯ ಹಿಂದಿನ ಗೆರೆಯನ್ನು ಮುಟ್ಟಿ, “ಅಜ್ಜಿ, ಈ ಕಡೆ ಹೋದರೆ ಏನಾಗುತ್ತದೆ?” ಎಂದು ಕೇಳಿದಳು. ಅವಳ ಗೆಳತಿಯ ಮನೆ ಆ ಕಡೆಯಲ್ಲೇ ಇತ್ತು, ಆಟಕ್ಕೆಂದು ಅವಳು ದಿನವೂ ಅಲ್ಲಿಗೆ ಹೋಗುತ್ತಿದ್ದಳು. ದೊಡ್ಡವರಾದ ನಮಗೆ ಒಡನೆ ಉತ್ತರ ಹೊಳೆಯಲಿಲ್ಲ. ಆ ಎಣ್ಣೆಯ ಗುರುತು ನಕ್ಷೆಯ ಮೇಲೆ ಕೊನೆಯವರೆಗೂ ಉಳಿಯಿತು.

ಆ ಕೌಂಟಿಯ ನಡುವಿನ ಊರು ಕೊಲಂಬಿಯಾ. ಜೇಮ್ಸ್ ರೌಸ್ ಎಂಬವರು 1967ರಲ್ಲಿ ಆರಂಭಿಸಿದ ಯೋಜಿತ ನಗರ ಅದು. ಬಿಳಿಯರೂ ಕರಿಯರೂ, ಉಳ್ಳವರೂ ಇಲ್ಲದವರೂ ಒಂದೇ ಬಡಾವಣೆಯಲ್ಲಿ ಬಾಳಬೇಕು ಎಂಬುದು ಅದರ ಹುಟ್ಟಿನ ಸಂಕಲ್ಪ. ಅಂಥ ಊರಿನಲ್ಲೇ ಬೀದಿಗಿಳಿದು ಮೆರವಣಿಗೆಗಳಾದವು, ಕಟುವಾದ ಪತ್ರಗಳು ಹರಿದುಬಂದವು. ನಮ್ಮ ದೇಶದಿಂದ ಹೋದವರೂ ಚೀನಾದಿಂದ ಬಂದವರೂ ವಿರೋಧದಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದರು. ಕೊನೆಗೆ 2019ರ ನವೆಂಬರ್ 21ರಂದು ಮಂಡಳಿ ಸುಮಾರು 5,400 ಮಕ್ಕಳನ್ನು ಬದಲಾಯಿಸುವ ನಕ್ಷೆಗೆ ಒಪ್ಪಿಗೆ ಕೊಟ್ಟಿತು. ಅದು ಜಾರಿಯಾದದ್ದು 2020ರ ಶಾಲಾ ವರ್ಷದಲ್ಲಿ. ಅಷ್ಟರಲ್ಲಿ ಕೋವಿಡ್ ಬಂದು ಶಾಲೆಗಳು ಮುಚ್ಚಿದ್ದರಿಂದ, ಯಾವ ಕಟ್ಟಡಕ್ಕಾಗಿ ಅಷ್ಟೆಲ್ಲ ಹೋರಾಟ ನಡೆದಿತ್ತೋ ಅದರ ಬಾಗಿಲನ್ನೂ ನೋಡದೆ ಮಕ್ಕಳು ಹೊಸ ಶಾಲೆಯ ಪಾಠವನ್ನು ಕಂಪ್ಯೂಟರ್ ಪರದೆಯಲ್ಲಿ ಆರಂಭಿಸಿದರು.

ಅನ್ಯಾಯ ಎಂಬ ಪದವನ್ನು ನೀವು ಬಳಸಿದ್ದೀರಿ. ಅದನ್ನು ತೂಗಿ ನೋಡಬೇಕಾದರೆ ಈ ಗೆರೆಗಳ ಹಿಂದಿನ ಚರಿತ್ರೆ ತಿಳಿದಿರಬೇಕು. 1930ರ ದಶಕದಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಸಂಸ್ಥೆಯೊಂದು ನಗರಗಳ ನಕ್ಷೆ ತಯಾರಿಸಿ, ಕರಿಯರು ವಾಸಿಸುವ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದು ಅವು ಸಾಲ ಕೊಡಲು ಅಪಾಯದ ಜಾಗಗಳೆಂದು ಗುರುತಿಸಿತು. ಕರಿಯರಿಗೆ ಮಾರಕೂಡದೆಂಬ ಷರತ್ತು ಮನೆಗಳ ಕ್ರಯಪತ್ರಗಳಲ್ಲೇ ಇರುತ್ತಿತ್ತು, ಅಂಥ ಷರತ್ತನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. 1954ರ ಬ್ರೌನ್ ಪ್ರಕರಣದಲ್ಲಿ ಜನಾಂಗದ ಆಧಾರದ ಮೇಲೆ ಬೇರೆ ಬೇರೆ ಶಾಲೆ ನಡೆಸುವುದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಾಯಿತು. ಆದರೆ ಶಾಲೆ ಮನೆಯ ವಿಳಾಸವನ್ನು ಹಿಂಬಾಲಿಸುತ್ತಿದ್ದುದರಿಂದ, ಮನೆಗಳು ಬೇರೆ ಬೇರೆಯಾಗಿ ಉಳಿದಲ್ಲೆಲ್ಲ ಶಾಲೆಗಳೂ ಬೇರೆಯಾಗಿಯೇ ಉಳಿದವು. ಡೆಟ್ರಾಯಿಟ್ ನಗರದ ಮಕ್ಕಳನ್ನೂ ಸುತ್ತಲಿನ ಉಪನಗರಗಳ ಮಕ್ಕಳನ್ನೂ ಒಂದುಗೂಡಿಸುವ ಆದೇಶವನ್ನು ಸುಪ್ರೀಂ ಕೋರ್ಟ್ 1974ರಲ್ಲಿ ಮಿಲಿಕೆನ್ ಪ್ರಕರಣದಲ್ಲಿ 5–4ರ ಬಹುಮತದಿಂದ ತಳ್ಳಿಹಾಕಿತು. ಅಂದಿನಿಂದ ಡಿಸ್ಟ್ರಿಕ್ಟ್‌ನ ಗಡಿ ಬಹುಮಟ್ಟಿಗೆ ಕೋಟೆಯ ಗೋಡೆಯೇ ಆಯಿತು. 2007ರಲ್ಲಿ ಸಿಯಾಟಲ್ ಪ್ರಕರಣದಲ್ಲಿ, ಒಂದೊಂದು ಮಗುವಿನ ಜನಾಂಗ ನೋಡಿ ಶಾಲೆ ಹಂಚಬಾರದೆಂದು ಅದೇ ಕೋರ್ಟ್ ಹೇಳಿತು. ಆದರೆ ನ್ಯಾಯಮೂರ್ತಿ ಆಂಥನಿ ಕೆನಡಿ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ, ಬಡಾವಣೆಗಳ ಒಟ್ಟು ಜನರಚನೆಯನ್ನು ಗಮನದಲ್ಲಿಟ್ಟು ಶಾಲಾ ವ್ಯಾಪ್ತಿಯ ಗಡಿ ಎಳೆಯುವ ದಾರಿಯನ್ನು ಮುಚ್ಚಲಿಲ್ಲ. ಮೇರಿಲ್ಯಾಂಡಿನಲ್ಲಿ 23 ಕೌಂಟಿಗಳು ಮತ್ತು ಬಾಲ್ಟಿಮೋರ್ ನಗರ ಸೇರಿ ಒಟ್ಟು 24 ಶಾಲಾ ವ್ಯವಸ್ಥೆಗಳು ಮಾತ್ರ ಇರುವುದರಿಂದ, ಒಂದು ಕೌಂಟಿಯೊಳಗೇ ಉಳ್ಳವರ ಬಡಾವಣೆಯೂ ಬಾಡಿಗೆಯ ಅಪಾರ್ಟ್‌ಮೆಂಟುಗಳೂ ಸೇರಿರುತ್ತವೆ. ಈ ಗೆರೆಯನ್ನು ಸರಿಸಿ ಸ್ವಲ್ಪವಾದರೂ ಸಮಮಾಡುವ ಅವಕಾಶ ಅಲ್ಲಿ ಉಳಿದಿರುವುದು ಈ ಕಾರಣದಿಂದಲೇ.

ಇನ್ನೊಂದು ಮಾತನ್ನೂ ನಿಮಗೆ ನೆನಪಿಸಬೇಕಾಗಿದೆ. ನಮ್ಮವರು ಆ ದೇಶಕ್ಕೆ ಹೋಗಲು ಬಾಗಿಲು ತೆರೆದದ್ದು 1965ರ ವಲಸೆ ಕಾನೂನು. ಕರಿಯರು ನಡೆಸಿದ ನಾಗರಿಕ ಹಕ್ಕುಗಳ ಹೋರಾಟ ತಂದ ಗಾಳಿಯಲ್ಲೇ ಅದು ಬಂದಿತು. ನೀವು ಮನೆ ಕೊಂಡ ಬೀದಿಯಲ್ಲಿ ಕಂದು ಮೈಬಣ್ಣದವರು ಮನೆ ಕೊಳ್ಳಬಹುದಾದದ್ದೂ ಅದೇ ಹೋರಾಟದಿಂದ. ಊರು ಕೇರಿ ಎಂಬ ಗೆರೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ನಾವು ಬೇರೆಯವರಿಂದ ಕಲಿಯಬೇಕಾಗಿಲ್ಲ.

ಹಾಗೆಂದು ನೀವು ಸುಮ್ಮನಿರಬೇಕೆಂದು ನಾನು ಹೇಳುತ್ತಿಲ್ಲ. ಬಸ್ಸಿನಲ್ಲಿ ಮಗು ಎಷ್ಟು ಹೊತ್ತು ಕಳೆಯಬೇಕಾಗುತ್ತದೆ, ಮಧ್ಯಮ ಶಾಲೆಯಿಂದ ಒಟ್ಟಿಗೆ ಬಂದ ಮಕ್ಕಳಲ್ಲಿ ಬೆರಳೆಣಿಕೆಯಷ್ಟು ಮಂದಿಯನ್ನು ಮಾತ್ರ ಒಡೆದು ಬೇರೆಡೆಗೆ ಕಳುಹಿಸುತ್ತಾರೆಯೇ, ಒಮ್ಮೆ ಬದಲಾದ ಬೀದಿ ಮೂರು ವರ್ಷದಲ್ಲಿ ಮತ್ತೆ ಬದಲಾಗದೆಂಬ ಭರವಸೆ ಇದೆಯೇ, ಹೈಸ್ಕೂಲಿನ ಕೊನೆಯ ವರ್ಷಗಳಲ್ಲಿರುವವರಿಗೆ ಹಳೆಯ ಶಾಲೆಯಲ್ಲೇ ಮುಗಿಸಲು ಬಿಡುತ್ತಾರೆಯೇ ಎಂಬವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಮತ್ತೆ ಮತ್ತೆ ಕಿತ್ತು ನೆಡುವುದು ನಿಜಕ್ಕೂ ಮಕ್ಕಳಿಗೆ ಕೆಟ್ಟದ್ದು. ಹಾವರ್ಡ್ ಕೌಂಟಿಯಲ್ಲಿ 2023ರಲ್ಲಿ ಹೊಸ ಹೈಸ್ಕೂಲೊಂದು ತೆರೆದಾಗ ಗಡಿಗಳು ಮತ್ತೊಮ್ಮೆ ಸರಿದವು. ಪಕ್ಕದ ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿ 2024ರಲ್ಲಿ, ಐದು ವರ್ಷಕ್ಕೊಮ್ಮೆ ಗಡಿಗಳನ್ನು ಪರಿಶೀಲಿಸಲೇಬೇಕೆಂದು ತನ್ನ ನಿಯಮ ಬದಲಾಯಿಸಿತು. ದಶಕಗಟ್ಟಲೆ ಮುಟ್ಟದೆ ಬಿಟ್ಟು ಒಂದೇ ಏಟಿಗೆ ಸಾವಿರಾರು ಮಕ್ಕಳನ್ನು ಕದಲಿಸುವುದಕ್ಕಿಂತ ಇದು ಮೇಲೆಂದು ನನ್ನ ಅಭಿಪ್ರಾಯ, ಏಕೆಂದರೆ ಮನೆ ಕೊಳ್ಳುವವರಿಗೆ ಗೆರೆ ಶಾಶ್ವತವಲ್ಲವೆಂಬುದು ಮೊದಲೇ ತಿಳಿದಿರುತ್ತದೆ.

ಅಂಕಗಳ ವಿಷಯ. ಶಾಲೆಯ ಸರಾಸರಿ ಅಂಕ ಬಹುಪಾಲು ಅಲ್ಲಿಗೆ ಬರುವ ಕುಟುಂಬಗಳ ವರಮಾನವನ್ನು ಹೇಳುತ್ತದೆ, ನಿಮ್ಮ ಮಗನಿಗೆ ಅಲ್ಲಿ ಏನು ಕಲಿಸುತ್ತಾರೆ ಎಂಬುದನ್ನು ಹೇಳುವುದಿಲ್ಲ. ಒಂದೇ ಕೌಂಟಿಯಾದ್ದರಿಂದ ಪಠ್ಯಕ್ರಮವೂ ಶಿಕ್ಷಕರ ವೇತನ ಶ್ರೇಣಿಯೂ ಎರಡೂ ಶಾಲೆಗಳಲ್ಲಿ ಒಂದೇ. ಅವನಿಗೆ ಬೇಕಾದ ಗಣಿತದ ಮೇಲ್ಮಟ್ಟದ ಪಾಠದ ತರಗತಿ ಅಲ್ಲಿದೆಯೇ, ಇಲ್ಲದಿದ್ದರೆ ಯಾವಾಗ ಬರುತ್ತದೆ ಎಂದು ಮಂಡಳಿಯನ್ನು ಕೇಳಿ. ನಿಮ್ಮ ಕನ್ನಡ ಕುಟುಂಬಗಳು ಒಟ್ಟಾಗಿ ನಿಂತು ಆ ತರಗತಿಗಳನ್ನು ಕೇಳಿದರೆ, ಈಗಾಗಲೇ ಅಲ್ಲಿ ಓದುತ್ತಿರುವ ಮಕ್ಕಳಿಗೂ ಅವು ಸಿಗುತ್ತವೆ. ಮಗನನ್ನು ಕರೆದುಕೊಂಡು ಒಮ್ಮೆ ಆ ಶಾಲೆಗೆ ಹೋಗಿ ಬನ್ನಿ. ನಿಮ್ಮ ಪತ್ರದಲ್ಲಿ ನೀವು ಅದನ್ನು ನೋಡಿದ್ದೀರೆಂಬ ಸೂಚನೆ ಎಲ್ಲಿಯೂ ಇಲ್ಲ.

ಪ್ರಶ್ನೆ: ನಾವು ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಯಾರೂ ಬರಲೊಲ್ಲದ ಆ ‘ಇನ್ನೊಂದು ಶಾಲೆ’ಯಲ್ಲೇ ನನ್ನ ಮಗಳು ಹತ್ತನೇ ತರಗತಿ ಓದುತ್ತಿದ್ದಾಳೆ. ಗಡಿಯ ಬಗ್ಗೆ ನಡೆದ ಅಹವಾಲು ಸಭೆಗೆ ಅವಳನ್ನೂ ಕರೆದುಕೊಂಡು ಹೋಗಿದ್ದೆ. ನಮ್ಮವರೇ ಒಬ್ಬರು ಮೈಕಿನ ಮುಂದೆ ನಿಂತು, ಅಂಥ ಶಾಲೆಗೆ ನನ್ನ ಮಗನನ್ನು ಕಳುಹಿಸಲಾರೆ ಎಂದರು, ಜನ ಚಪ್ಪಾಳೆ ತಟ್ಟಿದರು. ಮನೆಗೆ ಬಂದ ಮೇಲೆ ಮಗಳು ಶಾಲೆಯ ಹೆಸರಿರುವ ಸ್ವೆಟ್‌ಶರ್ಟ್ ಬಿಚ್ಚಿ ಮಡಿಸಿ ಬೀರುವಿನ ಕೆಳಗಿನ ಖಾನೆಯಲ್ಲಿಟ್ಟಳು. ಈಗ ಚಳಿ ಶುರುವಾಗಿದೆ, ಆದರೂ ಹಾಕಿಕೊಳ್ಳುತ್ತಿಲ್ಲ. ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಆ ಕುಟುಂಬ ಸಿಗುತ್ತದೆ. ನಾನು ಏನು ಹೇಳಲಿ? — ಓದುಗರೊಬ್ಬರು, ಅಮೆರಿಕ

ಉತ್ತರ: ತಂಗೀ, ನಿಮ್ಮ ಪತ್ರವನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಗಡಿಯ ವಾದದಲ್ಲಿ ಎಲ್ಲರೂ ಮಾತನಾಡುವುದು ಬಿಟ್ಟುಹೋಗುವ ಶಾಲೆಯ ಬಗ್ಗೆ, ಸೇರಬೇಕಾದ ಶಾಲೆಯಲ್ಲಿ ಈಗಾಗಲೇ ಮಕ್ಕಳಿದ್ದಾರೆ, ಅವರಿಗೆ ಕಿವಿಗಳಿವೆ ಎಂಬುದನ್ನು ಮರೆಯುತ್ತಾರೆ.

‘ಅಂಥ ಶಾಲೆ’ ಎಂಬ ಮಾತಿನ ಹಿಂದೆ ಸಾಮಾನ್ಯವಾಗಿ ಒಂದು ಅಂಕಿ ಇರುತ್ತದೆ. ಉಚಿತ ಅಥವಾ ರಿಯಾಯಿತಿ ದರದ ಊಟಕ್ಕೆ ಅರ್ಹರಾದ ಮಕ್ಕಳ ಶೇಕಡಾವಾರು ಅದು. ಕೇಂದ್ರ ಸರ್ಕಾರ ನಿಗದಿಪಡಿಸಿದ ಬಡತನದ ರೇಖೆಯ ಶೇಕಡಾ 130ರವರೆಗೆ ವರಮಾನವಿರುವ ಕುಟುಂಬದ ಮಗುವಿಗೆ ಊಟ ಉಚಿತ, ಶೇಕಡಾ 185ರವರೆಗೆ ಇದ್ದರೆ ರಿಯಾಯಿತಿ. ನಕ್ಷೆ ಬಿಡಿಸುವವರು ಬಡತನವನ್ನು ಅಳೆಯುವುದು ಈ ಲೆಕ್ಕದಿಂದ. ಒಂದು ತಟ್ಟೆ ಊಟಕ್ಕಾಗಿ ತಾಯ್ತಂದೆ ತುಂಬಿಕೊಟ್ಟ ಅರ್ಜಿ ಶಾಲೆಯ ಗುಣದ ಅಳತೆಯಾಗಿ, ಆಮೇಲೆ ಅಲ್ಲಿಯ ಮಕ್ಕಳ ಗುಣದ ಅಳತೆಯಾಗಿ ಬಾಯಿಂದ ಬಾಯಿಗೆ ಹರಡುತ್ತದೆ. ಮಧ್ಯಾಹ್ನದ ಬಿಸಿಯೂಟ ಉಂಡು ಓದಿದ ಲಕ್ಷಾಂತರ ಜನರ ನಾಡಿನವರಾದ ನಾವು ಇದನ್ನು ಒಪ್ಪಬಾರದು.

ಆ ಕುಟುಂಬಕ್ಕೆ ರಾಜ್ಯೋತ್ಸವದ ಸಭೆಯಲ್ಲಿ ನಾಲ್ಕು ಜನರ ಮುಂದೆ ಏನೂ ಹೇಳಬೇಡಿ. ಊಟದ ಸಾಲಿನಲ್ಲೋ ಪಾರ್ಕಿಂಗಿನಲ್ಲೋ ಒಬ್ಬರೇ ಸಿಕ್ಕಾಗ, ನೀವು ಅಂದು ಹೇಳಿದ ಶಾಲೆಯಲ್ಲಿ ನನ್ನ ಮಗಳು ಓದುತ್ತಾಳೆ, ಅವಳು ಅಂದು ಮೂರನೇ ಸಾಲಿನಲ್ಲೋ ನಾಲ್ಕನೇ ಸಾಲಿನಲ್ಲೋ ಕುಳಿತಿದ್ದಳು ಎಂದಷ್ಟೇ ಹೇಳಿ. ಅವರು ಕೆಟ್ಟವರಿರಲಾರರು. ಹೆಚ್ಚಿನವರಿಗೆ ತಮ್ಮ ಮಾತು ಯಾರ ಮೇಲೆ ಬಿತ್ತೆಂಬುದು ಕಂಡಿರುವುದೇ ಇಲ್ಲ. ನಿಮ್ಮ ಮಗ ಬಂದರೆ ನನ್ನ ಮಗಳು ಕಟ್ಟಡವೆಲ್ಲ ತೋರಿಸುತ್ತಾಳೆ ಎಂದು ಸೇರಿಸಲು ನಿಮಗೆ ಮನಸ್ಸಾದರೆ ಸೇರಿಸಿ, ಆಗದಿದ್ದರೂ ತಪ್ಪಿಲ್ಲ.

ಮುಂದಿನ ಅಹವಾಲು ಸಭೆಯಲ್ಲಿ ಮಗಳೇ ಮಾತನಾಡಲಿ ಎಂಬುದು ನನ್ನ ಸಲಹೆ, ಆದರೆ ಒತ್ತಾಯ ಬೇಡ. ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಆ ಹೊತ್ತನ್ನು ಶಾಲೆಯನ್ನು ಹೊಗಳುವುದಕ್ಕೂ ಬಳಸಬಾರದು, ಕಣ್ಣೀರಿಗೂ ಬಳಸಬಾರದು. ಅವಳ ರಸಾಯನಶಾಸ್ತ್ರದ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ, ಯಾವ ವಿಷಯಕ್ಕೆ ಶಿಕ್ಷಕರು ಅರ್ಧ ವರ್ಷದಲ್ಲಿ ಬಿಟ್ಟುಹೋದರು, ಯಾವ ಶಿಕ್ಷಕರಿಂದ ಅವಳು ಚೆನ್ನಾಗಿ ಕಲಿತಳು ಎಂಬುದನ್ನು ಹೇಳಲಿ. ಹೊಸ ನಕ್ಷೆಯಿಂದ ಉಳ್ಳವರ ಮಕ್ಕಳು ಬಂದ ಮಾತ್ರಕ್ಕೆ ಅಲ್ಲಿಯ ಕೊರತೆಗಳು ತಾವಾಗಿ ತೀರುವುದಿಲ್ಲ ಎಂಬುದನ್ನೂ ಹೇಳಬೇಕು. ಒಂದೇ ಕಟ್ಟಡದೊಳಗೆ ಮೇಲ್ಮಟ್ಟದ ಪಾಠದ ತರಗತಿಗಳಲ್ಲಿ ಹೊಸಬರು, ಕೆಳಮಟ್ಟದವುಗಳಲ್ಲಿ ಹಳಬರು ಎಂದು ಮತ್ತೆ ವಿಂಗಡಿಸಿಬಿಟ್ಟರೆ ಗಡಿ ಬೀದಿಯಿಂದ ಎದ್ದು ಶಾಲೆಯ ಪಡಸಾಲೆಗೆ ಬಂದಂತಾಗುತ್ತದೆ. ಗಡಿ ಬದಲಾದ ಮೇಲೆ ತರಗತಿಗಳಿಗೆ ಮಕ್ಕಳನ್ನು ಹೇಗೆ ಸೇರಿಸುತ್ತೀರಿ ಎಂದು ಮಂಡಳಿಯನ್ನು ಕೇಳುವವರು ಬಹಳ ಕಡಿಮೆ. ಅವಳು ಕೇಳಲಿ.

ಸ್ವೆಟ್‌ಶರ್ಟನ್ನು ನೀವಾಗಿ ಹೊರಗೆ ತೆಗೆಯಬೇಡಿ. ಅವಳೇ ತೆಗೆಯುವವರೆಗೆ ಬೇರೊಂದು ಬೆಚ್ಚನೆಯದು ಕೊಡಿಸಿ.

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕ. 11 ಮಕ್ಕಳಿದ್ದಾರೆ. ಇವರನ್ನು ಮೂರೂವರೆ ಕಿಲೋಮೀಟರ್ ದೂರದ ಕರ್ನಾಟಕ ಪಬ್ಲಿಕ್ ಶಾಲೆಗೆ ಸೇರಿಸುವ ಮಾತು ನಡೆದಿದೆ. ಅಲ್ಲಿ ಎಲ್‌ಕೆಜಿ, ಇಂಗ್ಲಿಷ್ ಮಾಧ್ಯಮ ಇರುವುದರಿಂದ ಅರ್ಧ ಪೋಷಕರು ಒಪ್ಪುತ್ತಾರೆ, ಇನ್ನರ್ಧ ಹೆದ್ದಾರಿ ದಾಟಬೇಕೆಂದು ಬೇಡವೆನ್ನುತ್ತಾರೆ. ನಮ್ಮಲ್ಲಿಯೂ ಗಡಿ ಎಂಬುದೊಂದು ಇದೆಯೇ? — ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಇದೆ ಮೇಷ್ಟ್ರೇ, ಆದರೆ ಅಮೆರಿಕದ ರೀತಿಯಲ್ಲಿ ಮಗುವನ್ನು ಒಂದು ಶಾಲೆಗೆ ಕಟ್ಟಿಹಾಕುವ ಗಡಿಯಲ್ಲ, ಶಾಲೆಯನ್ನು ಮಗುವಿನ ಬಳಿಗೆ ತರಬೇಕೆಂದು ಸರ್ಕಾರವನ್ನು ಕಟ್ಟಿಹಾಕುವ ಗಡಿ. 1964–66ರ ಕೊಠಾರಿ ಆಯೋಗ, ಒಂದು ನೆರೆಹೊರೆಯ ಮಕ್ಕಳೆಲ್ಲ ಜಾತಿ, ಅಂತಸ್ತು ನೋಡದೆ ಒಂದೇ ಶಾಲೆಯಲ್ಲಿ ಓದಬೇಕೆಂದು ಶಿಫಾರಸು ಮಾಡಿತ್ತು. 2009ರಲ್ಲಿ ಬಂದು 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ‘ನೆರೆಹೊರೆಯ ಶಾಲೆ’ ಎಂಬ ಮಾತು ಉಳಿದಿದೆ. ಒಂದರಿಂದ ಐದನೇ ತರಗತಿಯವರಿಗೆ 1 ಕಿಲೋಮೀಟರ್, ಆರರಿಂದ ಎಂಟರವರಿಗೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕೆಂಬುದು ನಿಯಮಗಳ ಅಳತೆ. ನಿಮ್ಮದು ಕಿರಿಯ ಪ್ರಾಥಮಿಕ. ಮೂರೂವರೆ ಕಿಲೋಮೀಟರ್ ಎಂಬುದು ನಿಮ್ಮ ಅತಿ ದೊಡ್ಡ ಮಗುವಿಗೂ ಆ ಅಳತೆಯ ಹೊರಗೇ ಬೀಳುತ್ತದೆ.

ನಮ್ಮಲ್ಲಿ ಮಕ್ಕಳನ್ನು ಬೇರ್ಪಡಿಸುವ ಗೆರೆಯನ್ನು ಎಳೆಯುವುದು ನಕ್ಷೆಯಲ್ಲ, ಶುಲ್ಕ. ನಿಮ್ಮ ಊರಿನ ಎಷ್ಟು ಮಕ್ಕಳು ಬೆಳಿಗ್ಗೆ ಖಾಸಗಿ ಶಾಲೆಯ ವ್ಯಾನು ಹತ್ತುತ್ತಾರೆ ಎಂಬುದು ನಿಮಗೇ ಗೊತ್ತು. ಖಾಸಗಿ ಶಾಲೆಗಳಲ್ಲಿ ಶೇಕಡಾ 25ರಷ್ಟು ಸೀಟು ಬಡ ಮಕ್ಕಳಿಗೆ ಎಂಬ ಅವಕಾಶವನ್ನು ಕರ್ನಾಟಕ 2018ರ ಕೊನೆಯಲ್ಲಿ ನಿಯಮ ತಿದ್ದಿ ಕಿರಿದುಗೊಳಿಸಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಇಲ್ಲ ಎಂಬ ಈ ತಿದ್ದುಪಡಿಯನ್ನು 2019ರ ಮೇ ತಿಂಗಳಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ನೆರೆಹೊರೆಯ ಸರ್ಕಾರಿ ಶಾಲೆಯೇ ಸಾಕು ಎಂದು ವಾದಿಸಿ ಗೆದ್ದ ಮೇಲೆ ಆ ಶಾಲೆಯನ್ನು ಗಟ್ಟಿಯಾಗಿ ನಡೆಸುವ ಹೊಣೆ ಸರ್ಕಾರದ ಮೇಲೆ ಇನ್ನೂ ಹೆಚ್ಚು ಬೀಳುತ್ತದೆ ಎಂದು ನಾನು ನಂಬಿದ್ದೇನೆ.

ಆದರೂ ಒಪ್ಪಿದ ಪೋಷಕರನ್ನು ದೂರಬೇಡಿ. 11 ಮಕ್ಕಳು ಒಂದೇ ಕೊಠಡಿಯಲ್ಲಿ ಐದು ತರಗತಿ ಓದುವುದರ ಕಷ್ಟ ಅವರು ದಿನವೂ ನೋಡುತ್ತಿರುವುದೇ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕರೆದು ಎರಡೂ ಕಡೆಯವರ ಮಾತನ್ನು ನಡಾವಳಿ ಪುಸ್ತಕದಲ್ಲಿ ಹಾಗೆಯೇ ಬರೆಯಿಸಿ. ವಾಹನ ಕೊಡುತ್ತೇವೆಂಬ ಮಾತು ಬಾಯಿಯಲ್ಲಿ ಬಂದರೆ ಸಾಲದು, ಯಾವ ವಾಹನ, ಯಾರ ಖರ್ಚು, ಎಷ್ಟು ವರ್ಷ ಎಂದು ಬರಹದಲ್ಲಿ ಬರಬೇಕು. ನಾಲ್ಕನೇ ತರಗತಿಯವರನ್ನು ಕಳುಹಿಸಿ ಒಂದು ಎರಡನೆಯವರನ್ನು ಊರಲ್ಲೇ ಉಳಿಸಿಕೊಳ್ಳುವ ನಡುವಿನ ದಾರಿಯನ್ನೂ ಸಭೆಯ ಮುಂದಿಡಿ. ಸಭೆಗೆ ಮೊದಲು ಒಂದು ಕೆಲಸ ಮಾಡಿ. ಶಾಲೆ ಆರಂಭವಾಗುವ ಹೊತ್ತಿಗೆ ಸರಿಯಾಗಿ, ಒಂದನೇ ತರಗತಿಯ ಒಂದು ಮಗು, ಅದರ ತಾಯಿ, ಸಾಧ್ಯವಾದರೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಮತ್ತು ನೀವು ಆ ಮೂರೂವರೆ ಕಿಲೋಮೀಟರ್ ನಡೆಯಿರಿ. ಹೆದ್ದಾರಿ ದಾಟಲು ಎಷ್ಟು ಹೊತ್ತು ಕಾದಿರಿ, ಮಗು ಎಲ್ಲಿ ಕುಳಿತುಬಿಟ್ಟಿತು, ಒಟ್ಟು ಎಷ್ಟು ನಿಮಿಷವಾಯಿತು ಎಂಬುದನ್ನು ಬರೆದುಕೊಂಡು ಬಂದು, ಆ ಹಾಳೆಯನ್ನು ನಡಾವಳಿಗೆ ಲಗತ್ತಿಸಿ.